ನೆಲಮಂಗಲದ ಹಾದಿಯಲ್ಲಿ ರೈಲು: ಸಣ್ಣ ಊರಿನ ಹಳಿಗೆ ಹಣ ಎಲ್ಲಿಂದ?

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ಪೀಣ್ಯ, ನಾಗಸಂದ್ರ, ಮಾದಾವರ ದಾಟಿದ ಮೇಲೆ ಮಾಕಳಿ ಸಿಗುತ್ತದೆ. ಅಲ್ಲಿಂದ ಮುಂದೆ ನೆಲಮಂಗಲ. ರಸ್ತೆಯ ಎರಡೂ ಬದಿಗೆ ಕಾರ್ಖಾನೆಗಳು, ಔಷಧ ತಯಾರಿಕೆಯ ಘಟಕಗಳು, ಗೋದಾಮುಗಳು. ಬೆಳಿಗ್ಗೆ ಸಂಜೆ ಕೆಲಸಕ್ಕೆ ಓಡಾಡುವ ಸಾವಿರಾರು ಜನ ಬಸ್ಸು, ಬೈಕು, ಟೆಂಪೋಗಳಲ್ಲಿ ಇದೇ ಹೆದ್ದಾರಿಯನ್ನು ನಂಬಿದ್ದಾರೆ.

ಈ ಸೀಮೆಗೆ ರೈಲು ಹೊಸದೇನಲ್ಲ. ಬೆಂಗಳೂರು-ತುಮಕೂರು ಮಾರ್ಗ 1884ರಲ್ಲೇ ತೆರೆಯಿತು. ಆದರೆ ಅದು ಸೋಲದೇವನಹಳ್ಳಿ, ಗೊಲ್ಲಹಳ್ಳಿ, ದೊಡ್ಡಬೆಲೆ, ನಿಡವಂದಗಳ ಮೇಲೆ, ಅಂದರೆ ನೆಲಮಂಗಲ ಪಟ್ಟಣವನ್ನು ಬದಿಗಿಟ್ಟು ಉತ್ತರದ ಕಡೆಯಿಂದ ಹಾದುಹೋಯಿತು. ನೆಲಮಂಗಲದ ಹೆಸರಿನ ನಿಲ್ದಾಣವನ್ನು ಹೊತ್ತ ಹೊಸ ಮಾರ್ಗ ಹಾಸನದವರೆಗೆ ಪೂರ್ಣಗೊಂಡದ್ದು 2017ರಲ್ಲಿ. ಎರಡರ ನಡುವೆ 133 ವರ್ಷಗಳ ಅಂತರ.

ಈ ಅಂತರಕ್ಕೆ ಕಾರಣವೇನು? ಹಳಿ ಹಾಕುವ ತಂತ್ರಜ್ಞಾನ 1884ರಲ್ಲೇ ಇತ್ತು. ಜನರ ಬೇಡಿಕೆಗೂ ಕೊರತೆ ಇರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ: ಹಣ ಯಾರು ಹಾಕಬೇಕು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ಬಂದಿವೆ. ಅವುಗಳಲ್ಲಿ ಕೆಲವು ಮರೆತೇಹೋಗಿವೆ. ಅವನ್ನು ಸಾಲಾಗಿ ಇಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಹಳಿ ಏಕೆ ದುಬಾರಿ?

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ನು ಭಾರವನ್ನು ನಿಧಾನವಾಗಿ ಎಳೆಯಲು ಸುಮಾರು 2 ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಡಾಂಬರು ರಸ್ತೆಯ ಮೇಲಿನ ಲಾರಿಗೆ ಇದರ ಮೂರು ನಾಲ್ಕು ಪಟ್ಟು ಬೇಕು. ರೈಲಿನ ಮಿತವ್ಯಯದ ಗುಟ್ಟು ಇದೇ.

ಆದರೆ ಹಳಿ ಏರತೊಡಗಿದ ಕೂಡಲೇ ಲೆಕ್ಕ ಬದಲಾಗುತ್ತದೆ. 100 ಮೀಟರಿಗೆ 1 ಮೀಟರ್ ಏರುವ ಹಾದಿಯಲ್ಲಿ ಒಂದು ಟನ್ನಿಗೆ ಹೆಚ್ಚುವರಿಯಾಗಿ 10 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಸಮತಟ್ಟಿನಲ್ಲಿ 2, ಏರಿನಲ್ಲಿ 12. ಕಣ್ಣಿಗೆ ಕಾಣದಷ್ಟು ಸಣ್ಣ ಏರು ಎಂಜಿನ್ನಿನ ಹೊರೆಯನ್ನು ಆರು ಪಟ್ಟು ಮಾಡುತ್ತದೆ. ಆದ್ದರಿಂದ ರೈಲಿಗೆ ದಿಣ್ಣೆ ಕಡಿಯಬೇಕು, ತಗ್ಗು ತುಂಬಬೇಕು, ಹಳ್ಳಕ್ಕೆ ಸೇತುವೆ ಕಟ್ಟಬೇಕು, ತಿರುವನ್ನು ಅಗಲವಾಗಿ ಬಳಸಬೇಕು. ರಸ್ತೆಯಂತೆ ಊರಿಂದೂರಿಗೆ ಡೊಂಕಾಗಿ ಸಾಗಲು ರೈಲಿಗೆ ಆಗದು.

ಇದರ ಆರ್ಥಿಕ ಪರಿಣಾಮ ಮುಖ್ಯವಾದದ್ದು. ರೈಲಿನ ಖರ್ಚಿನಲ್ಲಿ ಬಹುಪಾಲು, ಮೊದಲ ಟಿಕೆಟ್ ಮಾರುವ ಮೊದಲೇ ಆಗಿಹೋಗಿರುತ್ತದೆ. ಆ ಹಣಕ್ಕೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಪ್ರಯಾಣಿಕರೋ ನಿಧಾನವಾಗಿ, ವರ್ಷಗಳ ಮೇಲೆ ಕೂಡುತ್ತಾರೆ. ದೊಡ್ಡ ನಗರಗಳ ನಡುವೆ ಈ ಅವಧಿ ಚಿಕ್ಕದು. ಸಣ್ಣ ಊರಿನ ಮಟ್ಟಿಗೆ ಅದು ಬಹಳ ದೀರ್ಘ. ಅಲ್ಲಿಯವರೆಗೆ ಬಡ್ಡಿ ಕಟ್ಟುವವರು ಯಾರು ಎಂಬುದೇ ಸಣ್ಣ ಊರಿನ ರೈಲಿನ ಇಡೀ ಸಮಸ್ಯೆ.

ಮೊದಲ ಉತ್ತರ: ಖಾತರಿ ಮತ್ತು ಸಾಲ

ಭಾರತದ ಮೊದಲ ರೈಲು ಕಂಪನಿಗಳು ಲಂಡನ್ನಿನಲ್ಲಿ ಬಂಡವಾಳ ಎತ್ತಿದವು. ಹಣ ಹಾಕಿದವರಿಗೆ ವರ್ಷಕ್ಕೆ ಶೇ. 5ರಷ್ಟು ಲಾಭದ ಖಾತರಿಯನ್ನು ಇಲ್ಲಿಯ ಸರ್ಕಾರ ಕೊಟ್ಟಿತ್ತು. ಲಾಭ ಕಡಿಮೆ ಬಿದ್ದರೆ ತೆರಿಗೆ ಹಣದಿಂದ ತುಂಬಿಕೊಡಬೇಕು. ಬೇಕಾದ ಜಮೀನೂ ಉಚಿತ. ನಷ್ಟದ ಭಯವಿಲ್ಲದ ಕಂಪನಿಗಳಿಗೆ ಮಿತವ್ಯಯದ ಅಗತ್ಯವೂ ಇರಲಿಲ್ಲ. ಬಂದರು, ದಂಡಿನ ನೆಲೆ, ಹತ್ತಿಯ ಸೀಮೆಗಳನ್ನು ಬೆಸೆಯುವ ಮಾರ್ಗಗಳೇ ಮೊದಲು ಬಂದವು. ಮದರಾಸು ಕಡೆಯಿಂದ ಜೋಲಾರಪೇಟೆಯ ಮೂಲಕ ಬೆಂಗಳೂರಿನ ದಂಡಿಗೆ 1864ರಲ್ಲಿ ರೈಲು ಬಂದದ್ದು ಈ ಕಾಲದಲ್ಲೇ.

ಮೈಸೂರು ಸಂಸ್ಥಾನ ತನ್ನದೇ ಹಣದಿಂದ ರೈಲು ಕಟ್ಟತೊಡಗಿದ ಹಿನ್ನೆಲೆ ಬೇರೆ. 1876-78ರ ಭೀಕರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಪಾಲು ನಶಿಸಿತು. ದವಸ ಇದ್ದೆಡೆಯಿಂದ ಇಲ್ಲದೆಡೆಗೆ ಸಾಗಿಸಲು ಎತ್ತಿನ ಗಾಡಿ ಸಾಲದು ಎಂಬ ಪಾಠವನ್ನು ಆ ಕ್ಷಾಮ ಕಲಿಸಿತು. ಎಳೆಯುವ ಎತ್ತುಗಳಿಗೇ ಮೇವಿಲ್ಲದಿದ್ದಾಗ ಗಾಡಿ ಹೂಡುವುದಾದರೂ ಹೇಗೆ? ಬೆಂಗಳೂರು-ಮೈಸೂರು ಮೀಟರ್ ಗೇಜ್ ಮಾರ್ಗ 1882ರ ಹೊತ್ತಿಗೆ ಮುಗಿಯಿತು. 1884ರಲ್ಲಿ ತುಮಕೂರು ಮಾರ್ಗ ತೆರೆಯಿತು.

ಕ್ಷಾಮದಿಂದ ಬರಿದಾದ ಬೊಕ್ಕಸಕ್ಕೆ ಇದನ್ನು ಮುಂದುವರಿಸುವ ಶಕ್ತಿ ಇರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಮಾರ್ಗದ ನಿರ್ವಹಣೆಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಲಾಯಿತು. ಇಂಗ್ಲೆಂಡಿನಲ್ಲಿ ಶೇ. 4ರ ಬಡ್ಡಿಗೆ ಸುಮಾರು 12 ಲಕ್ಷ ಪೌಂಡ್ ಸಾಲ ಎತ್ತಲಾಯಿತು. ಬಡ್ಡಿಯೊಂದೇ ವರ್ಷಕ್ಕೆ 48,000 ಪೌಂಡ್. ಹಳಿ 1889ರಲ್ಲಿ ಹರಿಹರ ಮುಟ್ಟಿತು, ಮುಂಬಯಿ ಪ್ರಾಂತ್ಯದ ರೈಲಿಗೆ ಕೂಡಿಕೊಂಡಿತು.

ಇಷ್ಟು ಬಡ್ಡಿಯ ಹೊರೆ ಹೊತ್ತ ಮಾರ್ಗ, ದಾರಿಯ ಪ್ರತಿ ಪೇಟೆಗೂ ಸುತ್ತಿ ಹೋಗಬೇಕೆಂದು ನಿರೀಕ್ಷಿಸುವಂತಿರಲಿಲ್ಲ. ಎರಡು ದೊಡ್ಡ ತುದಿಗಳನ್ನು ಬೆಸೆಯುವುದು ಅದರ ಗುರಿ. ನಡುವಣ ಊರುಗಳಿಗೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ.

ಸಣ್ಣ ಜಾಗವೂ ಬೇಗ ರೈಲು ಪಡೆದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬೇಕು. ಅದು ಕೋಲಾರದ ಚಿನ್ನದ ಗಣಿ ಪ್ರದೇಶ. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ 1894ರಲ್ಲೇ ಬ್ರಾಡ್ ಗೇಜ್ ಹಳಿ ಬಂತು. ಗಣಿಗಳಿಗೆ ಕಲ್ಲಿದ್ದಲು, ಯಂತ್ರ, ಮರಮುಟ್ಟು ಮೊದಲ ದಿನದಿಂದಲೇ ಸಾಗಬೇಕಿತ್ತು. ಬಡ್ಡಿಯ ಚಿಂತೆ ಇರಲಿಲ್ಲ. ಆದರೆ ಅದೇ ಜಿಲ್ಲೆಯ ಮುಖ್ಯ ಪಟ್ಟಣವಾದ ಕೋಲಾರಕ್ಕೆ ಆಗ ರೈಲಿರಲಿಲ್ಲ.

ಎರಡನೆಯ ಉತ್ತರ: ನಮ್ಮ ರೈಲಿಗೆ ನಮ್ಮದೇ ಸೆಸ್

ಕೋಲಾರ ಕಂಡುಕೊಂಡ ದಾರಿ ಇಂದಿಗೂ ಗಮನಾರ್ಹ. ಅದರ ಬೇರು ತಂಜಾವೂರಿನಲ್ಲಿದೆ. ಅಲ್ಲಿಯ ಜಿಲ್ಲಾ ಬೋರ್ಡು ಭೂಕಂದಾಯದ ಮೇಲೆ ಒಂದು ಸಣ್ಣ ಸೆಸ್ ವಿಧಿಸಿ, ಹಲವು ವರ್ಷ ಕೂಡಿಟ್ಟು, ಮಾಯವರಂ-ಮುತ್ತುಪೇಟೆ ಮಾರ್ಗವನ್ನು ಕಟ್ಟಿಸಿತು. 1894ರಲ್ಲಿ ಅದು ತೆರೆಯಿತು. ರೈಲು ಓಡಿಸುವ ಕೆಲಸ ಕಂಪನಿಯದು, ಒಡೆತನ ಜಿಲ್ಲೆಯದು. ಸ್ಥಳೀಯ ಸಂಸ್ಥೆಯೊಂದು ರೈಲಿನ ಒಡೆಯನಾಗಬಹುದು ಎಂಬುದು ಆಗ ಹೊಸ ವಿಚಾರ.

ಮೈಸೂರು ಸಂಸ್ಥಾನದ ಜಿಲ್ಲಾ ಬೋರ್ಡುಗಳೂ ರೈಲ್ವೆ ಸೆಸ್ ಎತ್ತತೊಡಗಿದವು. ಕೋಲಾರ ಜಿಲ್ಲಾ ಬೋರ್ಡು ಸರ್ಕಾರದ ಜೊತೆಗೂಡಿ ಬೌರಿಂಗ್‌ಪೇಟೆ-ಕೋಲಾರ ಮಾರ್ಗವನ್ನು ಕೈಗೊಂಡಿತು. 1913ರಲ್ಲಿ ಅದು ಓಡತೊಡಗಿತು. ಆಗ ವಿಶ್ವೇಶ್ವರಯ್ಯನವರು ದಿವಾನರು. ಇನ್ನೊಂದು ತುದಿಯಲ್ಲಿ ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರದ ಕಡೆಗೆ 1915ರ ಸುಮಾರಿಗೆ ಹಳಿ ಹಾಕಿತು. ಎರಡೂ ಕೂಡಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಪೋಣಿಸುವ ಒಂದು ಸರಪಳಿಯಾಯಿತು. ಒಂದರ ಹಿಂದೊಂದು, ಎಲ್ಲವೂ ಸಣ್ಣ ಊರುಗಳು.

ಇದು ಸಾಧ್ಯವಾದದ್ದು ಎರಡು ಕಾರಣಗಳಿಂದ. ಮೊದಲನೆಯದು ಸೆಸ್. ಎರಡನೆಯದು ಗೇಜ್, ಅಂದರೆ ಎರಡು ಹಳಿಗಳ ನಡುವಣ ಅಂತರ. ಬ್ರಾಡ್ ಗೇಜ್ 1,676 ಮಿಲಿಮೀಟರ್, ಮೀಟರ್ ಗೇಜ್ 1,000 ಮಿಲಿಮೀಟರ್. ಈ ಮಾರ್ಗಕ್ಕೆ ಆರಿಸಿದ್ದು 2 ಅಡಿ 6 ಅಂಗುಲ, ಅಂದರೆ 762 ಮಿಲಿಮೀಟರಿನ ನ್ಯಾರೋ ಗೇಜ್. ಗೇಜ್ ಕಿರಿದಾದರೆ ತಿರುವುಗಳು ಬಿಗಿಯಾಗಿರಬಹುದು. ಆಗ ದಿಣ್ಣೆ ಕಡಿಯುವ ಬದಲು ಅದನ್ನು ಬಳಸಿ ಹೋಗಬಹುದು. ಬೋಗಿ ಹಗುರ, ಆದ್ದರಿಂದ ಹಳಿ ಹಗುರ, ಸೇತುವೆ ಹಗುರ, ಬೇಕಾಗುವ ಜಮೀನೂ ಕಡಿಮೆ. ಕೈಯಲ್ಲಿರುವ ಹಣಕ್ಕೆ ತಕ್ಕಂತೆ ತಂತ್ರಜ್ಞಾನವನ್ನು ಕತ್ತರಿಸಿ ಹೊಲಿದ ಹಾಗೆ.

ಉಳಿತಾಯಕ್ಕೆ ಬೆಲೆಯೂ ತೆರಬೇಕಾಯಿತು. ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್, ಬೆಂಗಳೂರಿನ ತುದಿಯಲ್ಲಿ ಮೀಟರ್ ಗೇಜ್, ನಡುವೆ ನ್ಯಾರೋ ಗೇಜ್. ಎರಡೂ ತುದಿಗಳಲ್ಲಿ ಮೂಟೆಗಳನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ದೂರದ ಸರಕಿಗೆ ಇದು ತೊಡಕು. ವೇಗವೂ ಕಡಿಮೆ. ರಸ್ತೆಗಳು ಸುಧಾರಿಸಿ ಬಸ್ಸು ಬಂದ ಮೇಲೆ ಪ್ರಯಾಣಿಕರು ಅತ್ತ ಸರಿದರು. ಅಗ್ಗವಾಗಿ ಕಟ್ಟಿದ ಮಾರ್ಗ ಕೊನೆಗೆ ಉಳಿದ ಜಾಲಕ್ಕೆ ಹೊಂದದ ತುಂಡಾಗಿ ಉಳಿಯಿತು. ಇದನ್ನು ಹಂತಹಂತವಾಗಿ ಬ್ರಾಡ್ ಗೇಜಿಗೆ ಬದಲಾಯಿಸಲಾಯಿತು. ಕೊನೆಯ ತುಂಡಾದ ಕೋಲಾರ-ಚಿಕ್ಕಬಳ್ಳಾಪುರ ಮಾರ್ಗ ಮುಗಿದದ್ದು 2013ರಲ್ಲಿ.

ಹಾಗೆಂದು ಕೋಲಾರದ ಪ್ರಯತ್ನ ಸೋತಿತೆನ್ನಲಾಗದು. ಒಂದು ಶತಮಾನದ ಹಿಂದೆ ಹಾಕಿದ ಆ ಹಾದಿಯೇ ಇಂದಿನ ಬ್ರಾಡ್ ಗೇಜಿಗೂ ಆಧಾರ. ಹಾದಿಯ ಜಮೀನು ಒಮ್ಮೆ ರೈಲಿನ ವಶಕ್ಕೆ ಬಂದರೆ ಮುಂದಿನ ಪೀಳಿಗೆಯ ಅರ್ಧ ಕಷ್ಟ ಕಳೆದಂತೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ 2021ರ ಜನವರಿಯಲ್ಲಿ ತೆರೆದ ಹಾಲ್ಟ್ ಸ್ಟೇಷನ್ ಇರುವುದು ಇದೇ ಮಾರ್ಗದ ಮೇಲೆ. ಅದನ್ನು ಕಟ್ಟಿಸಿಕೊಟ್ಟದ್ದು ವಿಮಾನ ನಿಲ್ದಾಣದ ಸಂಸ್ಥೆ. ಲಾಭ ಪಡೆಯುವವನೇ ಹಣ ಹಾಕಿದ ಇನ್ನೊಂದು ಪುಟ್ಟ ಉದಾಹರಣೆ ಇದು.

ಸೆಸ್ ಪದ್ಧತಿಯ ಒಂದು ಅನ್ಯಾಯವನ್ನೂ ಹೇಳಬೇಕು. ರೈಲನ್ನು ಎಂದೂ ಹತ್ತದ, ಹಳಿಯಿಂದ ಹತ್ತಾರು ಮೈಲಿ ದೂರದ ರೈತನೂ ಕಂದಾಯದ ಜೊತೆ ಸೆಸ್ ಕಟ್ಟಬೇಕಿತ್ತು. ನಿಲ್ದಾಣದ ಬಳಿಯ ವ್ಯಾಪಾರಿಗೆ ಸಿಕ್ಕ ಲಾಭ ಅವನಿಗೆ ಸಿಗುತ್ತಿರಲಿಲ್ಲ. ಹೊರೆ ಮತ್ತು ಲಾಭ ಎರಡೂ ಒಂದೇ ಕಡೆ ಬೀಳುವಂತೆ ತೆರಿಗೆ ವಿಧಿಸುವುದು ಸುಲಭವಲ್ಲ. ಈ ಮಾತು ಮುಂದೆಯೂ ಬರುತ್ತದೆ.

ಮೂರನೆಯ ಉತ್ತರ: ದಿಲ್ಲಿಯ ಬಜೆಟ್ಟು

1951ರ ಏಪ್ರಿಲ್‌ನಲ್ಲಿ ಮೈಸೂರು ಸ್ಟೇಟ್ ರೈಲ್ವೆ ಹೊಸ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಇಡೀ ದೇಶಕ್ಕೆ ಒಂದೇ ರೈಲು, ಒಂದೇ ದರ, ಒಂದೇ ಯೋಜನೆ. ಇದರಿಂದ ಅನುಕೂಲಗಳು ಬಹಳ. ಆದರೆ ಹೊಸ ಮಾರ್ಗ ಬೇಕೆನ್ನುವ ಊರಿನ ಪಾಲಿಗೆ ಇದ್ದ ದಾರಿ ಒಂದೇ: ಮನವಿ ಕೊಡುವುದು, ಕಾಯುವುದು. ಜಿಲ್ಲೆ ತಾನೇ ಹಣ ಕೂಡಿಸಿ ಹಳಿ ಹಾಕಿಸುವ ಬಾಗಿಲು ಮುಚ್ಚಿತು. 1924ರಿಂದ ಪ್ರತ್ಯೇಕವಾಗಿದ್ದ ರೈಲ್ವೆ ಬಜೆಟ್ಟು 2017ರಲ್ಲಿ ಸಾಮಾನ್ಯ ಬಜೆಟ್ಟಿನಲ್ಲಿ ಸೇರುವವರೆಗೆ, ಪ್ರತಿ ವರ್ಷ ಫೆಬ್ರವರಿಯ ಕೊನೆಯ ವಾರದಲ್ಲಿ ನಮ್ಮ ಪತ್ರಿಕೆಗಳು ‘ರಾಜ್ಯಕ್ಕೆ ಏನು ಸಿಕ್ಕಿತು’ ಎಂದು ಎಣಿಸುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು.

ಆಗ ರೈಲ್ವೆಯು ಹೊಸ ಮಾರ್ಗಕ್ಕೆ ಇಟ್ಟುಕೊಂಡಿದ್ದ ಅಳತೆಗೋಲು ಶೇ. 14ರ ಆದಾಯ. ಹಾಕಿದ ನೂರು ರೂಪಾಯಿಗೆ ವರ್ಷಕ್ಕೆ ಹದಿನಾಲ್ಕು ಹುಟ್ಟದಿದ್ದರೆ ಅದು ಲಾಭದಾಯಕವಲ್ಲ. ಸಣ್ಣ ಊರಿನ ಮಾರ್ಗಗಳು ಈ ಗೋಲನ್ನು ಮುಟ್ಟುವುದು ಅಪರೂಪ. ಅವು ಮಂಜೂರಾದರೆ ಹಿಂದುಳಿದ ಪ್ರದೇಶದ ಅಭಿವೃದ್ಧಿಗೆಂದೋ, ರಾಜಕೀಯ ಒತ್ತಾಯಕ್ಕೋ ಮಂಜೂರಾಗಬೇಕು.

ನೆಲಮಂಗಲದ ಸರದಿ ಬಂದದ್ದು ಹೀಗೆಯೇ. ಹಾಸನದವರಾದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996-97ರಲ್ಲಿ ಬೆಂಗಳೂರು-ಹಾಸನ ಹೊಸ ಮಾರ್ಗ ಮಂಜೂರಾಯಿತು. ಅಲ್ಲಿಯವರೆಗೆ ಹಾಸನದವರು ರೈಲಿನಲ್ಲಿ ಬೆಂಗಳೂರಿಗೆ ಬರಲು ಅರಸೀಕೆರೆ-ತುಮಕೂರಿನ ಮೇಲೋ, ಮೈಸೂರಿನ ಮೇಲೋ ಸುತ್ತಬೇಕಿತ್ತು. ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣಗಳಿಗಂತೂ ಬಸ್ಸೇ ಗತಿ. ಹೊಸ ಮಾರ್ಗ ಚಿಕ್ಕಬಾಣಾವರದಲ್ಲಿ ತುಮಕೂರು ಮಾರ್ಗದಿಂದ ಕವಲೊಡೆದು ನೆಲಮಂಗಲ, ಸೋಲೂರು, ಕುಣಿಗಲ್, ಯಡಿಯೂರು, ಶ್ರವಣಬೆಳಗೊಳಗಳ ಮೇಲೆ ಹಾಸನ ಸೇರಬೇಕು.

ಕೆಲಸ ಮೂರು ತುಂಡಾಗಿ ನಡೆಯಿತು. ಹಾಸನ-ಶ್ರವಣಬೆಳಗೊಳ ಸುಮಾರು 42 ಕಿಮೀ. ಚಿಕ್ಕಬಾಣಾವರ-ನೆಲಮಂಗಲ ಸುಮಾರು 14 ಕಿಮೀ. ನಡುವಣ ನೆಲಮಂಗಲ-ಶ್ರವಣಬೆಳಗೊಳ ಸುಮಾರು 110 ಕಿಮೀ. ಹಾಸನದ ಕಡೆಯ ತುಂಡು 2006ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಸಿದ್ಧವಾಯಿತು. ದಿನಾಂಕ ನಿಗದಿಯಾದ ಒಂದು ಉತ್ಸವ ಇದ್ದರೆ ಹಣವೂ ಹೊತ್ತಿಗೆ ಸರಿಯಾಗಿ ಬರುತ್ತದೆ! ನಡುವಣ ಉದ್ದದ ತುಂಡಿಗೆ ಅಂತಹ ದಿನಾಂಕ ಇರಲಿಲ್ಲ. ಕೊನೆಗೆ 2017ರ ಮಾರ್ಚ್ 26ರಂದು ಅಂದಿನ ರೈಲ್ವೆ ಸಚಿವ ಸುರೇಶ್ ಪ್ರಭು ಯಶವಂತಪುರದಲ್ಲಿ ಹಾಸನದ ರೈಲಿಗೆ ಹಸಿರು ಬಾವುಟ ತೋರಿಸಿದರು. ಮಂಜೂರಾತಿಯಿಂದ ಇಪ್ಪತ್ತು ವರ್ಷ. ಆದ ವೆಚ್ಚ ಸುಮಾರು 1,290 ಕೋಟಿ ರೂಪಾಯಿ.

ಹನಿಹನಿ ಹಣದ ಗಣಿತ

ಕೊಡುವುದು ತಡವಾದರೂ ಕೊಟ್ಟೇಕೊಡುತ್ತಾರಲ್ಲ, ನಷ್ಟವೇನು ಎಂದು ಕೇಳಬಹುದು. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲೇ ಮಾಡಬಹುದು.

ಒಂದು ಮಾರ್ಗಕ್ಕೆ ಇಂದಿನ ಬೆಲೆಯಲ್ಲಿ 100 ಕೋಟಿ ಬೇಕು ಎಂದಿಟ್ಟುಕೊಳ್ಳಿ. ಉಕ್ಕು, ಸಿಮೆಂಟು, ಜಮೀನು, ಕೂಲಿ ಎಲ್ಲ ಸೇರಿ ಬೆಲೆ ವರ್ಷಕ್ಕೆ ಶೇ. 7ರಂತೆ ಏರುತ್ತದೆ. ಪ್ರತಿ ವರ್ಷದ ಆರಂಭದಲ್ಲಿ ಒಂದು ನಿಶ್ಚಿತ ಮೊತ್ತ ಕೊಡುತ್ತಾರೆ. ಉಳಿದ ಕೆಲಸದ ಬೆಲೆ ಮರುವರ್ಷಕ್ಕೆ 1.07 ಪಟ್ಟಾಗುತ್ತದೆ.

ವರ್ಷಕ್ಕೆ 25 ಕೋಟಿ ಕೊಟ್ಟರೆ ಐದನೆಯ ವರ್ಷದಲ್ಲಿ ಕೆಲಸ ಮುಗಿಯುತ್ತದೆ. ಒಟ್ಟು ಖರ್ಚು ಸುಮಾರು 112 ಕೋಟಿ.

ವರ್ಷಕ್ಕೆ 10 ಕೋಟಿ ಕೊಟ್ಟರೆ? ಹತ್ತು ವರ್ಷ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಮೊದಲ ವರ್ಷ 10 ಕೊಟ್ಟ ಮೇಲೆ ಉಳಿದ 90, ಮರುವರ್ಷಕ್ಕೆ 96.3 ಆಗಿರುತ್ತದೆ. ಹೀಗೆ ಲೆಕ್ಕ ಮುಂದುವರಿಸಿದರೆ ಕೆಲಸ ಮುಗಿಯುವುದು ಹದಿನಾರನೆಯ ವರ್ಷ. ಒಟ್ಟು ಖರ್ಚು ಸುಮಾರು 157 ಕೋಟಿ.

ವರ್ಷಕ್ಕೆ 6 ಕೋಟಿ ಮಾತ್ರ ಕೊಟ್ಟರೆ? ಉಳಿದ 94, ಮರುವರ್ಷ 100.6 ಆಗುತ್ತದೆ. ಅದರ ಮುಂದಿನ ವರ್ಷ 101.2. ಅಂದರೆ ಕೆಲಸ ಎಂದೆಂದಿಗೂ ಮುಗಿಯದು. ಹಣ ಮಾತ್ರ ಪ್ರತಿ ವರ್ಷ ಖರ್ಚಾಗುತ್ತಲೇ ಇರುತ್ತದೆ. ಈ ಲೆಕ್ಕದಲ್ಲಿ ಗಡಿಮೊತ್ತ ಸುಮಾರು 6.54 ಕೋಟಿ. ಅದಕ್ಕಿಂತ ಕಡಿಮೆ ಕೊಡುವುದೆಂದರೆ ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಸೂತ್ರ ಸರಳ. ಆದರೆ ಅದರ ಅರ್ಥ ದೊಡ್ಡದು. ಒಂದು ವರ್ಷದ ಹಣವನ್ನು ಹತ್ತು ಮಾರ್ಗಗಳಿಗೆ ಸಮನಾಗಿ ಹಂಚಿ ಎಲ್ಲರನ್ನೂ ಸಮಾಧಾನಪಡಿಸಿದರೆ ಹತ್ತೂ ತಡವಾಗುತ್ತವೆ. ಒಂದೊಂದನ್ನೇ ಮುಗಿಸುತ್ತ ಹೋದರೆ ಅದೇ ಹಣದಲ್ಲಿ ಹೆಚ್ಚು ಮಾರ್ಗಗಳು ಸಿಗುತ್ತವೆ. ಆದರೆ ಸರದಿಯಲ್ಲಿ ಕೊನೆಗೆ ನಿಲ್ಲಲು ಯಾವ ಊರು ಒಪ್ಪೀತು? ಮಂಜೂರಾತಿಯ ಸುದ್ದಿ ಬಂದ ದಿನ ಸಿಹಿ ಹಂಚುವ ಹೋರಾಟ ಸಮಿತಿಗಳು ಈ ವಾರ್ಷಿಕ ಮೊತ್ತದ ಕಡೆಗೆ ಕಣ್ಣಿಟ್ಟಿರಬೇಕು.

ನಾಲ್ಕನೆಯ ಉತ್ತರ: ಪಾಲುಗಾರಿಕೆ

ಬಜೆಟ್ಟಿನ ಹನಿಹನಿ ಹಣದಿಂದ ಬೇಸತ್ತು ಬೇರೆ ದಾರಿ ಹುಡುಕಿದ ದೊಡ್ಡ ಉದಾಹರಣೆ ಕೊಂಕಣ ರೈಲ್ವೆ. 1990ರಲ್ಲಿ ಅದಕ್ಕೆಂದೇ ಒಂದು ನಿಗಮ ಸ್ಥಾಪಿಸಿ, ಕೇಂದ್ರವು ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6ರಷ್ಟು ಬಂಡವಾಳ ಹಾಕಿದವು. ಉಳಿದ ಹಣವನ್ನು ಸಾರ್ವಜನಿಕರಿಗೆ ಸಾಲಪತ್ರ ಮಾರಿ ಎತ್ತಲಾಯಿತು. ಬೆಟ್ಟ, ಸುರಂಗ, ಹೊಳೆಗಳ ಆ ಕಠಿಣ ಮಾರ್ಗ 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆಯಿತು. ಹಾಸನ ಮಾರ್ಗದ ಇಪ್ಪತ್ತು ವರ್ಷದೊಡನೆ ಇದನ್ನು ಹೋಲಿಸಿ. ವ್ಯತ್ಯಾಸ ಹಣ ಬಂದ ವೇಗದ್ದು.

ಕರ್ನಾಟಕದಲ್ಲೂ 2000ದಲ್ಲಿ ರಾಜ್ಯ ಸರ್ಕಾರ ಮತ್ತು ರೈಲ್ವೆ ಸೇರಿ ಕೆ-ರೈಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು. ಹಾಸನ-ಮಂಗಳೂರು ಮಾರ್ಗವನ್ನು ಬ್ರಾಡ್ ಗೇಜಿಗೆ ಬದಲಾಯಿಸುವ ಕೆಲಸ ಪಾಲುಗಾರಿಕೆಯ ಕಂಪನಿಯ ಮೂಲಕ ನಡೆಯಿತು. ಆ ಮಾರ್ಗದಲ್ಲಿ ಗೂಡ್ಸ್ ರೈಲು 2006ರಲ್ಲೇ ಓಡತೊಡಗಿತು. ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರ ಘಟ್ಟದ ಕಡಿದಾದ ಇಳಿಜಾರಿನಲ್ಲಿ ಪ್ರಯಾಣಿಕರ ಸುರಕ್ಷತೆಗೆ ಬೇಕಾದ ಪರೀಕ್ಷೆಗಳು ಹೆಚ್ಚು ಎಂಬುದು ನಿಜ. ಆದರೆ ಸರಕು ಆದಾಯ ತರುತ್ತದೆ, ಪ್ರಯಾಣಿಕ ತರುವುದಿಲ್ಲ ಎಂಬುದೂ ನಿಜ.

ಹಳಿ ಬಂದರೆ ರೈಲು ಬಂತೇ?

ಇಲ್ಲಿಗೆ ಇನ್ನೊಂದು ಪ್ರಶ್ನೆ ಏಳುತ್ತದೆ. ಹಳಿ ಹಾಕುವ ಖರ್ಚು ಒಮ್ಮೆ ಮಾತ್ರ. ಅದರ ಮೇಲೆ ಪ್ರಯಾಣಿಕರ ರೈಲು ಓಡಿಸುವ ಖರ್ಚು ದಿನನಿತ್ಯದ್ದು. ಪ್ರಯಾಣದ ವೆಚ್ಚದಲ್ಲಿ ಟಿಕೆಟ್ಟಿನಿಂದ ಬರುವುದು ಸರಾಸರಿ ಶೇ. 57 ಮಾತ್ರ ಎಂದು 2016ರಿಂದ ರೈಲ್ವೆಯು ಟಿಕೆಟ್ಟುಗಳ ಮೇಲೇ ಮುದ್ರಿಸತೊಡಗಿತ್ತು. ಉಳಿದದ್ದನ್ನು ಬಹುಮಟ್ಟಿಗೆ ಗೂಡ್ಸ್ ರೈಲಿನ ಆದಾಯ ತುಂಬಿಕೊಡಬೇಕು.

ಸಣ್ಣ ಊರಿನಲ್ಲಿ ನಿಲ್ಲುವ ರೈಲಿಗೆ ಭೌತವಿಜ್ಞಾನವೂ ಒಂದು ಬೆಲೆ ಕೇಳುತ್ತದೆ. 400 ಟನ್ನಿನ ರೈಲೊಂದು ಗಂಟೆಗೆ 72 ಕಿಮೀ, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ 8 ಕೋಟಿ ಜೂಲ್. ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 22 ಯೂನಿಟ್. ನಿಲ್ಲಿಸಿದಾಗ ಇದು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಹೊರಡುವಾಗ ಮತ್ತೆ ಒದಗಿಸಬೇಕು. ಬ್ರೇಕಿನ ಶಕ್ತಿಯನ್ನು ವಿದ್ಯುತ್ತಾಗಿ ತಂತಿಗೆ ಮರಳಿಸುವ ರೈಲುಗಳಲ್ಲಿ ಇದರ ಒಂದು ಭಾಗ ಉಳಿಯುತ್ತದೆ. ರೈಲಿನಲ್ಲಿ 1,500 ಜನರಿದ್ದರೆ ಒಂದು ನಿಲುಗಡೆಯ ಹೊರೆ ತಲೆಗೆ 0.015 ಯೂನಿಟ್, ಲೆಕ್ಕಕ್ಕೇ ಬಾರದಷ್ಟು. 50 ಜನರಿದ್ದರೆ ತಲೆಗೆ 0.44 ಯೂನಿಟ್. ರೈಲು ಮಿತವ್ಯಯದ ವಾಹನವಾಗುವುದು ತುಂಬಿದಾಗ ಮಾತ್ರ. ತುಂಬಬೇಕಾದರೆ ಕೆಲಸಕ್ಕೆ ಹೋಗುವ, ಬರುವ ಹೊತ್ತಿಗೆ ಸರಿಯಾಗಿ, ದಿನಕ್ಕೆ ಹಲವು ಬಾರಿ ಓಡಬೇಕು. ದಿನಕ್ಕೆ ಒಂದೆರಡು ರೈಲು ಬಿಟ್ಟು ಜನ ಬರಲಿಲ್ಲವೆಂದು ನಿಲ್ಲಿಸುವುದು, ಬಾವಿಗೆ ಚೋಟುದ್ದ ಹಗ್ಗ ಬಿಟ್ಟು ನೀರಿಲ್ಲವೆಂದ ಹಾಗೆ.

ನೆಲಮಂಗಲದಲ್ಲಿ ಸರಕಿನ ಕಥೆ ಬೇಗ ಮುಂದುವರಿಯಿತು. 2020ರ ಆಗಸ್ಟ್‌ನಲ್ಲಿ ಇಲ್ಲಿಂದ ಸೊಲ್ಲಾಪುರದ ಹತ್ತಿರದ ಬಾಳೆಯವರೆಗೆ, ಸುಮಾರು 682 ಕಿಮೀ ದೂರ, ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವ ಸೇವೆ ಆರಂಭವಾಯಿತು. ಲಾರಿಗೆ ಸಿಕ್ಕ ಈ ಅನುಕೂಲ, ಮಾಕಳಿಯಿಂದ ಪೀಣ್ಯಕ್ಕೆ ಹೋಗುವ ಕಾರ್ಮಿಕನಿಗೆ ಸಿಕ್ಕಲಿಲ್ಲ.

ಉಪನಗರ ರೈಲು ಮತ್ತು ಮುಂದಿನ ಪ್ರಶ್ನೆ

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು 1980ರ ದಶಕದಿಂದಲೂ ಇದೆ. ಅದಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ. ನಾಲ್ಕು ಮಾರ್ಗ, ಒಟ್ಟು 148 ಕಿಮೀ, ಅಂದಾಜು 15,767 ಕೋಟಿ ರೂಪಾಯಿ. ಇದರಲ್ಲಿ ಶೇ. 20 ಕೇಂದ್ರದ್ದು, ಶೇ. 20 ರಾಜ್ಯದ್ದು, ಉಳಿದ ಶೇ. 60 ಸಾಲ. ಸಾಲಕ್ಕೆ ಐರೋಪ್ಯ ಹೂಡಿಕೆ ಬ್ಯಾಂಕು 30 ಕೋಟಿ ಯೂರೋ, ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕು 50 ಕೋಟಿ ಯೂರೋ ಒದಗಿಸಲು ಒಪ್ಪಿದವು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಗಡುವು ಹೇಳಲಾಗಿತ್ತು. 2025ರಲ್ಲಿ ಆ ಗಡುವು ದಾಟಿಹೋಯಿತು.

ಗಮನಿಸಿ: 1886ರಲ್ಲಿ ಮೈಸೂರು ಸಾಲಕ್ಕೆ ಹೋದದ್ದು ಲಂಡನ್ನಿಗೆ; 135 ವರ್ಷಗಳ ಮೇಲೂ ನಾವು ಹೋದದ್ದು ಯೂರೋಪಿಗೇ. ಸಾಲ ತಪ್ಪಲ್ಲ. ಆದರೆ 9,460 ಕೋಟಿಯಷ್ಟು ಸಾಲಕ್ಕೆ ಶೇ. 4ರಂತೆ ಲೆಕ್ಕ ಹಾಕಿದರೂ ಬಡ್ಡಿ ದಿನಕ್ಕೆ ಒಂದು ಕೋಟಿ ರೂಪಾಯಿಗೆ ಮೀರುತ್ತದೆ. ಅದನ್ನು ತುಂಬುವವರು ಯಾರು ಎಂಬ ಹಳೆಯ ಪ್ರಶ್ನೆ ಅಲ್ಲೇ ಇದೆ.

ಈ ನಾಲ್ಕರಲ್ಲಿ ನಮ್ಮ ಸೀಮೆಯ ಕಡೆಗಿರುವ ‘ಮಲ್ಲಿಗೆ’ ಮಾರ್ಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ನಿಲ್ಲುತ್ತದೆ. ಮೆಟ್ರೋ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿತು. ಅದರಾಚೆಗೆ ಮಾಕಳಿ, ನೆಲಮಂಗಲ. ದೊಡ್ಡ ಖರ್ಚಿನ ಎರಡು ಯೋಜನೆಗಳೂ ನೆಲಮಂಗಲದ ಈಚೆಗೇ ನಿಂತವು. ಆದರೆ ಚಿಕ್ಕಬಾಣಾವರದಿಂದ ನೆಲಮಂಗಲಕ್ಕೆ ಹಳಿ ಈಗಾಗಲೇ ಇದೆ. ತುಮಕೂರು ಮಾರ್ಗವೂ ಪಕ್ಕದಲ್ಲೇ ಇದೆ. ಬೇಕಾದದ್ದು ಹೊಸ ಹಾದಿಯಲ್ಲ. ಬೆಳಿಗ್ಗೆ ಸಂಜೆ ಓಡುವ ಕೆಲವು ಸಣ್ಣ ರೈಲುಗಳು, ನಿಲ್ದಾಣಕ್ಕೆ ಬಸ್ಸು, ಮತ್ತು ಮೊದಲ ಕೆಲವು ವರ್ಷಗಳ ನಷ್ಟ ತುಂಬಿಕೊಡುವ ಒಬ್ಬರು.

ಆ ಒಬ್ಬರು ಯಾರು? ಕೋಲಾರ ಇದಕ್ಕೆ ಕೊಟ್ಟ ಉತ್ತರ ನೆಲದ ಮೇಲಿನ ಸೆಸ್. ಕೇಂದ್ರ ಸರ್ಕಾರದ 2017ರ ಮೆಟ್ರೋ ರೈಲು ನೀತಿಯೂ ಇದೇ ತತ್ತ್ವವನ್ನು ಹೊಸ ಹೆಸರಿನಲ್ಲಿ ಹೇಳುತ್ತದೆ: ರೈಲು ಬಂದಾಗ ಸುತ್ತಲಿನ ಜಮೀನಿನ ಬೆಲೆ ಏರುತ್ತದೆ, ಆ ಏರಿಕೆಯ ಒಂದು ಪಾಲನ್ನು ರೈಲಿಗೆ ಮರಳಿಸಬೇಕು. ಅಂದಿನ ಸೆಸ್ಸಿನ ದೋಷ, ದೂರದ ರೈತನಿಗೂ ಹೊರೆ ಬಿದ್ದದ್ದು. ನಿಲ್ದಾಣದಿಂದ ಎಷ್ಟು ದೂರ, ಜಮೀನು ಹೊಲವೋ ಬಡಾವಣೆಯೋ ಗೋದಾಮೋ ಎಂದು ನೋಡಿ ತೆರಿಗೆ ಹಾಕಲು ಇಂದಿನ ನಕ್ಷೆ ಮತ್ತು ದಾಖಲೆಗಳಿಂದ ಸಾಧ್ಯ. ಹೆದ್ದಾರಿಯ ಬದಿಯಲ್ಲಿ ಬೆಲೆ ಏರಿದ ಜಮೀನಿನ ಲಾಭದಲ್ಲಿ ಒಂದಂಶ, ಅದೇ ಸೀಮೆಯ ಕಾರ್ಮಿಕನ ರೈಲಿಗೆ ಸಲ್ಲುವುದು ನ್ಯಾಯವೇ.

ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಒಂದು ಕೆಲಸ ಮಾಡಿಸಬಹುದು. ಹತ್ತಿರದ ರೈಲು ನಿಲ್ದಾಣ ಅಥವಾ ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ಎಷ್ಟು ಜನ, ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ಎಣಿಸಲಿ. ಆ ಜನರಿಗೆ ಒಂದು ರೈಲು ಓಡಿಸಿದರೆ ಟಿಕೆಟ್ಟಿನಿಂದ ಬರುವುದೆಷ್ಟು ಎಂದು ಲೆಕ್ಕ ಹಾಕಲಿ. ನಷ್ಟವಾದರೆ ಅದನ್ನು ಯಾರು, ಎಷ್ಟು ವರ್ಷ, ಯಾವ ಮೂಲದಿಂದ ತುಂಬಬಹುದೆಂದು ಚರ್ಚಿಸಲಿ. ನಮ್ಮ ಊರಿಗೆ ರೈಲು ಬೇಕು ಎಂಬ ಮನವಿ ಒಂದು ಸಾಲಿನದು. ಈ ಲೆಕ್ಕ ಜೊತೆಗಿದ್ದರೆ ಅದನ್ನು ತಳ್ಳಿಹಾಕುವುದು ಕಷ್ಟ.